ಅರ್ಧ ನೋಡಿ ಪೂರ್ತಿ ಎಣಿಸುವುದು ಹೇಗೆ?

ಹತ್ತು ನಾಣ್ಯ ತೆಗೆದುಕೊಂಡು ಮೇಜಿನ ಮೇಲೆ ಚೆಲ್ಲಿ. ಹೆಡ್ ಬಿದ್ದವನ್ನು ಮಾತ್ರ ಎಣಿಸಿ. ಒಂದು ಸಲ ನಾಲ್ಕು, ಇನ್ನೊಂದು ಸಲ ಆರು, ಮತ್ತೊಮ್ಮೆ ಐದು. ನಾಣ್ಯಗಳೇನೋ ಯಾವಾಗಲೂ ಹತ್ತೇ. ಏರಿಳಿತ ಹುಟ್ಟಿದ್ದು ನಮ್ಮ ಎಣಿಕೆಯಲ್ಲಿ. ಕಣ ಭೌತಶಾಸ್ತ್ರದವರಿಗೆ ಇಪ್ಪತ್ತೈದು ವರ್ಷದಿಂದ ಇದೇ ತಲೆನೋವು.

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ 2000ದಲ್ಲಿ ರಿಕ್ ಎಂಬ ಯಂತ್ರ ಶುರುವಾಯಿತು. 3.8 ಕಿ.ಮೀ. ಸುತ್ತಳತೆಯ ಉಂಗುರದಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳನ್ನು ಓಡಿಸಿ ಡಿಕ್ಕಿ ಹೊಡೆಸುವುದು ಅದರ ಕೆಲಸವಾಗಿತ್ತು. ಆ ಬಿಸಿಯಲ್ಲಿ ಪ್ರೋಟಾನ್, ನ್ಯೂಟ್ರಾನ್‌ಗಳು ಕರಗಿ, ಅವುಗಳ ಒಳಗಿರುವ ಕ್ವಾರ್ಕ್ ಎಂಬ ಇನ್ನೂ ಸಣ್ಣ ಕಣಗಳ ಸಾರು ಆಗಬೇಕು. ಆಯಿತು ಅಂತ ಗೊತ್ತಾಗುವುದು ಹೇಗೆ? ಅದೇ ವರ್ಷ ಜಿಯೋನ್ ಮತ್ತು ಕೋಖ್ ಎಂಬ ಭೌತವಿಜ್ಞಾನಿಗಳು ಒಂದು ಉಪಾಯ ಹೇಳಿದರು. ಕ್ವಾರ್ಕ್‌ಗಳ ವಿದ್ಯುದಂಶ ಚಿಲ್ಲರೆ ಕಾಸಿನ ಹಾಗೆ: ಪ್ರೋಟಾನ್‌ನದರ ಮೂರನೇ ಒಂದು, ಮೂರನೇ ಎರಡು. ಚಿಲ್ಲರೆಯಲ್ಲಿ ವ್ಯವಹಾರ ನಡೆದರೆ ಒಟ್ಟು ಮೊತ್ತದ ಏರಿಳಿತ ಕಮ್ಮಿ. ಅವರ ಅಳತೆಗೋಲಿನಲ್ಲಿ ಬರೀ ಪಯಾನ್‌ಗಳಿದ್ದರೆ (ಡಿಕ್ಕಿಯಲ್ಲಿ ರಾಶಿ ರಾಶಿಯಾಗಿ ಹುಟ್ಟುವ ಹಗುರ ಕಣಗಳು) 4, ಕ್ವಾರ್ಕ್ ಸಾರಾದರೆ ಸುಮಾರು 1. ಅಸಕಾವ, ಹೈನ್ಸ್, ಮುಲ್ಲರ್ ಕೂಡ ಆಗಲೇ ಇಂಥದ್ದೇ ಮಾತು ಹೇಳಿದ್ದರು.

ಕೇಳಲು ಚೆನ್ನಾಗಿದೆ. ತೊಡಕಿರುವುದು ಡಿಟೆಕ್ಟರ್‌ನ ಕಿಟಕಿಯಲ್ಲಿ, ಅಂದರೆ ಕಣ ಹಿಡಿಯುವ ಉಪಕರಣಕ್ಕೆ ಕಾಣುವಷ್ಟು ಜಾಗದಲ್ಲಿ. ಚಿನ್ನದ ಒಂದು ನ್ಯೂಕ್ಲಿಯಸ್‌ನಲ್ಲಿ 79 ಪ್ರೋಟಾನ್, ಎರಡರಲ್ಲಿ 158. ಡಿಕ್ಕಿಯಲ್ಲಿ ಏನೇ ಆಗಲಿ, ಒಟ್ಟು ವಿದ್ಯುದಂಶ 158 ಆಗಿಯೇ ಉಳಿಯುತ್ತದೆ. ಒಂದೂ ಬಿಡದೆ ಎಲ್ಲ ಕಣ ಕಂಡರೆ ಏರಿಳಿತ ಸೊನ್ನೆ! ತೀರಾ ಸಣ್ಣ ಕಿಟಕಿಯಾದರೆ ಕಣಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬಂದು ಬೀಳುತ್ತವೆ, ಒಳಗಿನ ಸುದ್ದಿ ಅಳಿಸಿಹೋಗುತ್ತದೆ. ಜಾಸ್ತಿ ಕಂಡರೂ ಕಷ್ಟ, ಕಮ್ಮಿ ಕಂಡರೂ ಕಷ್ಟ. ಬ್ಲೈಷರ್ ಜೊತೆ ಸೇರಿ ಜಿಯೋನ್, ಕೋಖ್ ಅವರೇ ಇದಕ್ಕೊಂದು ತಿದ್ದುಪಡಿ ಕೊಟ್ಟರು. ಕಿಟಕಿಯಲ್ಲಿ ಶೇ 40 ಕಣ ಕಂಡರೆ ಏರಿಳಿತ ಶೇ 60ರಷ್ಟೇ ಕಾಣುತ್ತದೆ. ಹಾಗಾಗಿ 0.6ರಿಂದ ಭಾಗಿಸಿ.

ಆಮೇಲೆ ಪ್ರಶ್ನೆ ಬದಲಾಯಿತು. ನೀರು ಆವಿಯಾಗುವಲ್ಲಿ ಇರುವಂಥ ಒಂದು ನಿರ್ಣಾಯಕ ಬಿಂದು ಈ ಸಾರಿಗೂ ಇರಬಹುದು, ಅದರ ಹತ್ತಿರ ಏರಿಳಿತ ಉಕ್ಕಬೇಕು ಎಂದು ಸ್ಟೆಫಾನೋವ್, ರಾಜಗೋಪಾಲ್, ಶುರ್ಯಾಕ್ 1998ರಲ್ಲೇ ಹೇಳಿದ್ದರು. ಅದನ್ನು ಹಿಡಿಯಲು ಬರೀ ವೇರಿಯನ್ಸ್ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಎರಡನೇ ಹಂತದ ಅಳತೆ) ಸಾಲದು, ಏರಿಳಿತದ ಆಕಾರವನ್ನೂ ಹೇಳುವ ಮೂರನೇ, ನಾಲ್ಕನೇ ಹಂತದ ಅಳತೆ ಬೇಕು. ರಿಕ್‌ನ ಸ್ಟಾರ್ ತಂಡ 2010ರಲ್ಲಿ ಪ್ರೋಟಾನ್‌ಗಳಿಗೆ ಅಂಥ ಅಳತೆ ಪ್ರಕಟಿಸಿತು.

ಕಾಣದೆ ಹೋದ ಕಣಗಳಿಂದ ಕೆಟ್ಟ ಲೆಕ್ಕ ಸರಿಪಡಿಸಲು 2012ರಲ್ಲಿ ಬ್ಜ್‌ದಾಕ್ ಮತ್ತು ಕೋಖ್ ತೋರಿಸಿದ ದಾರಿಗೆ ನಮ್ಮ ನಾಣ್ಯಗಳೇ ಸಾಕು. ಒಂಟಿ ನಾಣ್ಯ ಬಿಟ್ಟು ಜೋಡಿ ಎಣಿಸಿ. ಹತ್ತು ನಾಣ್ಯಗಳಲ್ಲಿ ಯಾವುದು ಮೊದಲು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದರೆ 90 ಜೋಡಿ. ಎರಡೂ ಹೆಡ್ ಆಗುವ ಸಾಧ್ಯತೆ ಕಾಲು ಭಾಗ, ಅಂದರೆ ಸರಾಸರಿ 22.5 ಜೋಡಿ. ಅದನ್ನು 4ರಿಂದ ಗುಣಿಸಿ, 90 ವಾಪಸ್ ಬಂತು. ಅದಕ್ಕೆ ನಿಜವಾದ ಸರಾಸರಿ 10 ಸೇರಿಸಿ, ಅದರ ವರ್ಗ 100 ಕಳೆಯಿರಿ. ಸೊನ್ನೆ! ಸುಳ್ಳು ಏರಿಳಿತ ಮಾಯ. ಆದರೆ ನಾಲ್ಕನೇ ಹಂತದಲ್ಲಿ ಗುಣಿಸಬೇಕಾದದ್ದು 16ರಿಂದ, ಅಳತೆಯ ದೋಷವೂ ಜೊತೆಗೇ ಉಬ್ಬುತ್ತದೆ.

ಆಗಲೇ ಕಿಟಜಾವ, ಅಸಕಾವ ಇನ್ನೊಂದು ಬದಿಯಿಂದ ಹೊರಟಿದ್ದರು. ನ್ಯೂಟ್ರಾನ್ ಈ ಡಿಟೆಕ್ಟರ್‌ಗೆ ಕಾಣುವುದೇ ಇಲ್ಲ. ಆದರೆ ಸುತ್ತಲಿನ ಪಯಾನ್‌ಗಳು ಪ್ರೋಟಾನನ್ನು ನ್ಯೂಟ್ರಾನ್ ಆಗಿ, ನ್ಯೂಟ್ರಾನನ್ನು ಪ್ರೋಟಾನ್ ಆಗಿ ಮತ್ತೆ ಮತ್ತೆ ಬದಲಾಯಿಸುತ್ತವೆ. ಕೊನೆಗೆ ಯಾವುದು ಪ್ರೋಟಾನ್ ಆಗಿ ಕಾಣುತ್ತದೆ ಅನ್ನುವುದು ಹೆಡ್ಡೋ ಟೇಲೋ ಅನ್ನುವ ಹಾಗೆ. ಇಲ್ಲಿ ನಾಣ್ಯ ಚಿಮ್ಮುವುದು ಪ್ರಕೃತಿಯೇ. ನನಗೆ ಈ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದು.

ಎಲ್ಲ ಕಡೆಯೂ ನಾಣ್ಯ ನಡೆಯುವುದಿಲ್ಲ ಅಲ್ವಾ. ಕಿಟಕಿಯೊಳಗೆ ಬಂದ ಕಣ ಡಿಟೆಕ್ಟರ್‌ನ ಕಣ್ಣು ತಪ್ಪಿಸಿಕೊಂಡರೆ ಅದು ಒಂದು ಬಗೆ. ಕಣ ಕಿಟಕಿಯ ಹೊರಗೇ ಹೋದರೆ ಅದು ಬೇರೆ ಬಗೆ. ಯಾವುದು ಎತ್ತ ಹೋಗುತ್ತದೆ ಅನ್ನುವುದು ಪಕ್ಕದ ಕಣಗಳ ನಂಟಿನ ಮೇಲೂ ನಿಂತಿದೆ. ಮೊದಲನೆಯದೂ ಶುದ್ಧ ನಾಣ್ಯವಲ್ಲ. ಡಿಟೆಕ್ಟರ್‌ನಲ್ಲಿ ಕಣಗಳು ಬಿಡುವ ಗೆರೆಗಳು ಒತ್ತೊತ್ತಾದಷ್ಟೂ ಡಿಟೆಕ್ಟರ್ ಹೆಚ್ಚು ತಪ್ಪುತ್ತದೆ ಎಂದು ಬ್ಜ್‌ದಾಕ್, ಹೋಲ್ಜ್‌ಮನ್, ಕೋಖ್ 2016ರಲ್ಲಿ ಎಚ್ಚರಿಸಿದರು. ಅದಕ್ಕೇ ಈಗ ಪ್ರಯೋಗದವರು ತಪ್ಪಿಹೋದ ಕಣಗಳಿಗಷ್ಟೇ ತಿದ್ದುಪಡಿ ಮಾಡುತ್ತಾರೆ. ಕಿಟಕಿ ಹೇಗಿದೆಯೋ ಹಾಗೇ ಬಿಡುತ್ತಾರೆ. ಅದೇ ಕಿಟಕಿ ಇಟ್ಟುಕೊಂಡು ಲೆಕ್ಕ ಹಾಕುವ ಹೊಣೆ ಸಿದ್ಧಾಂತದವರದು.

2021ರಲ್ಲಿ ಸ್ಟಾರ್ ತಂಡ ನಾಲ್ಕನೇ ಹಂತದ ಅಳತೆ ಡಿಕ್ಕಿಯ ಶಕ್ತಿಯ ಜೊತೆ ಒಂದೇ ದಿಕ್ಕಿನಲ್ಲಿ ಸಾಗದೆ ಏರಿಳಿಯುತ್ತದೆ ಎಂದು ಪ್ರಕಟಿಸಿತು, ಖಚಿತತೆ 3.1 ಸಿಗ್ಮಾ (ಇದು ಹೆಚ್ಚಾದಷ್ಟೂ ಫಲಿತಾಂಶ ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಮ್ಮಿ). ಕಣ ಭೌತಶಾಸ್ತ್ರದಲ್ಲಿ ಶೋಧ ಅನ್ನಲು 5 ಬೇಕು. ಅಷ್ಟರಲ್ಲಿ ಡಿಟೆಕ್ಟರ್‌ನ ಒಳಭಾಗ ಬದಲಾಯಿಸಿ 2019ರಿಂದ 2021ರವರೆಗೆ ಹೊಸ ದತ್ತಾಂಶ ಕೂಡಿಹಾಕಿದ್ದರು. ಕಿಟಕಿ ಅಗಲವಾಯಿತು. ಅಗಲವಾದಷ್ಟೂ, 158ರಲ್ಲಿ ಕಂಡ ಹಾಗೆ, ಒಟ್ಟು ಮೊತ್ತ ಬದಲಾಗದು ಅನ್ನುವ ನಿಯಮದ ಬಿಗಿ ಹಿಡಿತವೂ ಹೆಚ್ಚಾಗುತ್ತದೆ.