ಹಡಗಿನ ಹೆಸರು ಹೇಳದವರ ನಾಣ್ಯಗಳು

2007ರ ಮೇ ತಿಂಗಳಲ್ಲಿ, ಮುಳುಗಿದ ಹಡಗುಗಳನ್ನು ಹುಡುಕುವ ಅಮೆರಿಕದ ಒಡಿಸ್ಸಿ ಮರೀನ್ ಕಂಪನಿ ಒಂದು ಸುದ್ದಿ ಕೊಟ್ಟಿತು. ಅಟ್ಲಾಂಟಿಕ್ ತಳದಿಂದ ಸುಮಾರು 17 ಟನ್ ನಾಣ್ಯ ಎತ್ತಿದ್ದೇವೆ ಅಂತ. ಹತ್ತಿರ ಹತ್ತಿರ 6 ಲಕ್ಷ ನಾಣ್ಯ, ಬಹುಪಾಲು ಬೆಳ್ಳಿಯವು. ಅಷ್ಟರಲ್ಲಾಗಲೇ ಅವು ಜಿಬ್ರಾಲ್ಟರ್‌ನಿಂದ ವಿಮಾನ ಹತ್ತಿ ಫ್ಲೋರಿಡಾ ಸೇರಿದ್ದವು. ಯಾವ ಹಡಗಿನದು ಅಂದರೆ ಮಾತ್ರ ಕಂಪನಿ ಬಾಯಿ ಬಿಡಲಿಲ್ಲ. 'ಬ್ಲ್ಯಾಕ್ ಸ್ವಾನ್' ಅನ್ನೋ ಗುಟ್ಟಿನ ಹೆಸರು ಕೊಟ್ಟು ಸುಮ್ಮನಾಯಿತು.

ಸುಮ್ನೆ ಅಲ್ಲ ಈ ಗುಟ್ಟು. ಮಾಲೀಕರು ಕೈಬಿಟ್ಟ ಹಡಗಾದರೆ ಸಿಕ್ಕವರ ಪಾಲಾಗಬಹುದು. ಮಾಲೀಕರಿದ್ದರೂ ಎತ್ತಿ ತಂದವರಿಗೆ ಒಳ್ಳೆಯ ಇನಾಮು ಸಿಗುತ್ತದೆ. ಆದರೆ ಅದು ಬೇರೆ ದೇಶದ ಯುದ್ಧನೌಕೆಯಾಗಿದ್ದರೆ ಅಮೆರಿಕದ ಕೋರ್ಟು ಅದನ್ನು ಮುಟ್ಟುವಂತೆಯೇ ಇಲ್ಲ.

ಸ್ಪೇನ್ ಅಮೆರಿಕದ ಕೋರ್ಟಿಗೆ ಬಂದು ತನ್ನ ಹಕ್ಕು ಮಂಡಿಸಿತು. ಅದು ನಮ್ಮ ನೌಕಾಪಡೆಯ 'ಮೆರ್ಸೆದೆಸ್' ಅಂದಿತು. ಪೆರುವಿನ ಬೆಳ್ಳಿ ಹೊತ್ತು ಬರುತ್ತಿದ್ದಾಗ 1804ರ ಅಕ್ಟೋಬರ್ 5ರಂದು ಪೋರ್ಚುಗಲ್ ಕರಾವಳಿಯಾಚೆ ಬ್ರಿಟಿಷರ ದಾಳಿಗೆ ಸಿಡಿದು ಮುಳುಗಿದ ಹಡಗು ಅದು. ಸುಮಾರು 250 ಜನ ಸತ್ತಿದ್ದರು.

ಕಂಪನಿಯ ವಾದ ಕೇಳಿ: ಹಡಗಿನ ಒಡಲೇ ಇಲ್ಲ, ಹಡಗು ಅಂತ ಹೇಗೆ ಹೇಳ್ತೀರಿ? ನಿಜ, ಒಂದು ಕಿಲೋಮೀಟರಿಗಿಂತ ಜಾಸ್ತಿ ಆಳದಲ್ಲಿ ಸಾಮಾನೆಲ್ಲ ದೂರ ದೂರ ಚೆಲ್ಲಿತ್ತು. ಆದರೆ ಸಿಡಿದ ಹಡಗು ಹಾಗಲ್ಲದೆ ಇನ್ನು ಹೇಗೆ ಬಿದ್ದಿರುತ್ತದೆ, ಅಲ್ವಾ? ಉಳಿದ ಸಾಕ್ಷಿ ನಾಣ್ಯಗಳೇ ಹೇಳಿದವು. ಉಪ್ಪುನೀರಿನಲ್ಲಿ ಬೆಳ್ಳಿಯ ಮೇಲೆ ಸಲ್ಫೈಡಿನ ಕರಿ ಪದರ ಕೂರುತ್ತದೆ. ನಾಣ್ಯಗಳು ಒಂದಕ್ಕೊಂದು ಅಂಟಿ ಗಟ್ಟಿ ಮುದ್ದೆಯಾಗುತ್ತವೆ. ಬಿಡಿಸಿ ತೊಳೆದರೆ ಸ್ಪೇನಿನ ನಾಲ್ಕನೇ ಕಾರ್ಲೋಸ್ ರಾಜನ ಮುಖ, ಅದರ ಕೆಳಗೆ ಇಸವಿ, ಹಿಂಬದಿಯಲ್ಲಿ ಆಗ ಸ್ಪೇನಿನ ಕೈಯಲ್ಲಿದ್ದ ಪೆರುವಿನ ಲಿಮಾ ಟಂಕಸಾಲೆಯ ಗುರುತು. 1804ರ ನಂತರದ ನಾಣ್ಯ ಒಂದೂ ಇಲ್ಲ!

ಕಂಪನಿಯವರು ಇನ್ನೊಂದು ಪಟ್ಟನ್ನೂ ಹಾಕಿದರು. ಬೆಲೆಯ ಲೆಕ್ಕದಲ್ಲಿ ಸರಕಿನ ಮುಕ್ಕಾಲು ಪಾಲು ವ್ಯಾಪಾರಿಗಳದ್ದು, ಹಾಗಾಗಿ ಅದು ಬಾಡಿಗೆ ಪ್ರಯಾಣ, ಯುದ್ಧನೌಕೆಯ ಕೆಲಸ ಅಲ್ಲ ಅಂತ. ಆ ವ್ಯಾಪಾರಿಗಳ ವಂಶಸ್ಥರೂ ಬಂದರು. ಬೆಳ್ಳಿ ನಮ್ಮ ನೆಲದ್ದು ಅಂತ ಪೆರು ಕೂಡ ಬಂತು. ಅಪಾಯದ ಕಾಲದಲ್ಲಿ ಪ್ರಜೆಗಳ ಸೊತ್ತು ಸಾಗಿಸುವುದು ನೌಕಾಪಡೆಯ ಕೆಲಸವೇ, ಹಡಗಿಗಿರುವ ರಕ್ಷಣೆ ಸರಕಿಗೂ ಸಲ್ಲುತ್ತದೆ ಅಂದಿತು ಮೇಲ್ಮನವಿ ಕೋರ್ಟು. ನಾಣ್ಯ ನಿಜವಾಗಿ ಯಾರದ್ದು ಅನ್ನೋದನ್ನು ತೀರ್ಮಾನಿಸಲೇ ಇಲ್ಲ. ನನಗಂತೂ ಪೆರುವಿನ ಪ್ರಶ್ನೆಯೇ ಎಲ್ಲಕ್ಕಿಂತ ತೂಕದ್ದು ಅನ್ನಿಸುತ್ತದೆ.

2012ರ ಫೆಬ್ರುವರಿಯಲ್ಲಿ ಸ್ಪೇನಿನ ಎರಡು ಹರ್ಕ್ಯುಲಿಸ್ ಸೇನಾ ವಿಮಾನಗಳು ನಾಣ್ಯಗಳನ್ನು ಹೊತ್ತೊಯ್ದವು. ಕಂಪನಿಗೆ ಇನಾಮು ಬರಲಿಲ್ಲ. ಗೊತ್ತಿದ್ದೂ ಹಡಗಿನ ಹೆಸರು ಮುಚ್ಚಿಟ್ಟಿದ್ದಕ್ಕೆ, ಸ್ಪೇನಿನ ವಕೀಲರ ಖರ್ಚಿನ ಬಾಬ್ತು ಸುಮಾರು 10 ಲಕ್ಷ ಡಾಲರ್ ಕಟ್ಟುವಂತೆ ಮರುವರ್ಷ ಕೋರ್ಟು ಆದೇಶಿಸಿತು.