ಪೆಟ್ರೋಲ್ ಟ್ಯಾಂಕಿಗೆ ತೂತು ಬೀಳುವುದು ಒಳಗಿನಿಂದ

ಹಳೇ ಫಿಯೆಟ್ಟೋ ಅಂಬಾಸಿಡರ್ರೋ ದಾರಿ ಮಧ್ಯೆ ಪೆಟ್ರೋಲ್ ಸೋರಲು ಶುರು ಮಾಡಿದರೆ, ಅನುಭವಸ್ಥ ಮೆಕ್ಯಾನಿಕ್ ಮೊದಲು ಕೇಳುವುದು ಒಂದು ಬಾರ್ ಸೋಪು. ಸೋರುವ ಜಾಗಕ್ಕೆ ಅದನ್ನು ಒತ್ತಿ ಒತ್ತಿ ಉಜ್ಜುತ್ತಾರೆ. ಹನಿ ನಿಲ್ಲುತ್ತದೆ. ಸೋಪು ಅಂದರೆ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ಅದು ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ಹಾಗಾಗಿ ಪೆಟ್ರೋಲ್ ಎಷ್ಟು ಒತ್ತಿದರೂ ಸೋಪು ಕದಲುವುದಿಲ್ಲ. ಜೋರು ಮಳೆ ಬಂದರೆ ಮಾತ್ರ ತೊಳೆದುಹೋಗುತ್ತದೆ. ಮನೆ ಸೇರಲು ಇಷ್ಟು ಸಾಕು. ಆದರೆ ಅದನ್ನೇ ರಿಪೇರಿ ಅಂದುಕೊಂಡು ಆರು ತಿಂಗಳು ಓಡಿಸುವವರಿದ್ದಾರೆ. ಅದು ಬೇಡ.

ಯಾಕೆಂದರೆ ತೂತು ಶುರುವಾಗಿದ್ದು ಹೊರಗಡೆ ಅಲ್ಲ. ಹಳೇ ಕಾರುಗಳ ಟ್ಯಾಂಕ್ ತೆಳುವಾದ ಉಕ್ಕಿನ ತಗಡು. ತುಕ್ಕು ಹಿಡಿಯದಿರಲಿ ಎಂದು ಅದಕ್ಕೆ ಸೀಸ ಮತ್ತು ತವರ ಬೆರೆಸಿದ ಲೇಪ ಕೊಡುತ್ತಿದ್ದರು. ಲೇಪ ಇಡಿಯಾಗಿ ಇರುವ ತನಕ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದು ಕಡೆ ಸೂಜಿಮೊನೆಯಷ್ಟು ಕಿತ್ತರೂ ಕಥೆ ಬದಲಾಗುತ್ತದೆ. ಬಕೆಟ್ಟಿನ ಮೇಲಿನ ಸತುವಿನ ಲೇಪ ತಾನು ಸವೆದು ಕಬ್ಬಿಣವನ್ನು ಕಾಪಾಡುತ್ತದೆ. ಸೀಸ, ತವರ ಹಾಗಲ್ಲ. ಒದ್ದೆ ಇದ್ದರೆ ಅವು ತಾವು ಉಳಿದುಕೊಂಡು ಕಬ್ಬಿಣವನ್ನೇ ಮೊದಲು ಸವೆಸುತ್ತವೆ. ಹೀಗಾಗಿ ತುಕ್ಕು ಅಗಲಕ್ಕೆ ಹರಡುವ ಬದಲು ಅದೇ ಚುಕ್ಕೆಯಲ್ಲಿ ಆಳಕ್ಕೆ ಇಳಿಯುತ್ತದೆ.

ಪೆಟ್ರೋಲಿನ ಟ್ಯಾಂಕಿಗೆ ನೀರು ಎಲ್ಲಿಂದ ಬಂತು ಅಂತ ಕೇಳಬಹುದು. ಗಾಳಿಯಿಂದ. ಅರ್ಧ ಖಾಲಿ ಟ್ಯಾಂಕಿನಲ್ಲಿ ಉಳಿದರ್ಧ ಗಾಳಿಯೇ ಅಲ್ವಾ? ರಾತ್ರಿ ತಣ್ಣಗಾದಾಗ ಅದರ ತೇವ ಒಳಗೋಡೆಗೆ ಬೆವರಿನಂತೆ ಕಟ್ಟುತ್ತದೆ. ಪೆಟ್ರೋಲ್ ಲೀಟರಿಗೆ ಸುಮಾರು 740 ಗ್ರಾಂ ತೂಗುತ್ತದೆ, ನೀರು 1000 ಗ್ರಾಂ. ನೀರು ಸೀದಾ ತಳಕ್ಕೆ ಇಳಿದು ಮೂಲೆಯಲ್ಲಿ, ಜೋಡಣೆಯ ಅಂಚಿನಲ್ಲಿ ಕೂರುತ್ತದೆ. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಟ್ಯಾಂಕ್ ದಿನಾ ಓಡುವ ಕಾರಿನದಕ್ಕಿಂತ ಬೇಗ ಹಾಳಾಗುವುದು ಇದಕ್ಕೇ.

ಈಗ ಇದಕ್ಕೆ ಎಥನಾಲ್ ಸೇರಿಕೊಂಡಿದೆ. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಿದ್ದರೆ ಅದು ಒಳ್ಳೆಯದೇ. ನೀರು ಪೆಟ್ರೋಲಿನ ಜೊತೆ ಎಂಜಿನ್ನಿಗೆ ಹೋಗಿ ಆವಿಯಾಗಿ ಹೊರಬೀಳುತ್ತದೆ. ಮಿತಿ ದಾಟಿದರೆ ಮಾತ್ರ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕಿಳಿಯುತ್ತದೆ. ಶೇ 10ರ ಮಿಶ್ರಣಕ್ಕೆ ಆ ಮಿತಿ ಸುಮಾರು ಶೇ 0.5. ಅಂದರೆ 40 ಲೀಟರಿಗೆ ಒಂದು ಲೋಟ ನೀರು. ಇ20 ಇನ್ನೂ ಜಾಸ್ತಿ ತಡೆಯುತ್ತದೆ. ಹಾಗೆ ಬೇರ್ಪಟ್ಟು ತಳದಲ್ಲಿ ನಿಂತ ಪದರ ಹಳೇ ತಗಡಿಗೆ ಬರೀ ನೀರಿಗಿಂತ ಕೆಟ್ಟದ್ದು.

ಸೋರಿಕೆ ಪತ್ತೆ ಮಾಡುವುದರಲ್ಲೇ ಅರ್ಧ ಕೆಲಸ ಇದೆ. ಫುಲ್ ಟ್ಯಾಂಕ್ ಹಾಕಿಸಿದಾಗ ಮಾತ್ರ ವಾಸನೆ ಬಂದರೆ ತಳ ಸರಿಯಿದೆ ಎಂದು ಲೆಕ್ಕ. ಆಗ ಪೆಟ್ರೋಲ್ ಎಷ್ಟಿದೆ ಎಂದು ಅಳೆಯುವ, ಮೇಲಿನ ಫ್ಲೋಟ್ ಯೂನಿಟ್‌ನ ಗ್ಯಾಸ್ಕೆಟ್ಟನ್ನೋ, ಪೆಟ್ರೋಲ್ ತುಂಬುವ ಕೊಳವೆಯ ರಬ್ಬರನ್ನೋ ನೋಡಬೇಕು. ನೀರು ತುಂಬಿ ಪರೀಕ್ಷಿಸಿದರೆ ಮೋಸ ಹೋಗುತ್ತೀರಿ. ಪೆಟ್ರೋಲಿನ ಮೇಲ್ಮೈ ಎಳೆತ ನೀರಿನ ಮೂರನೇ ಒಂದು ಭಾಗದಷ್ಟು ಮಾತ್ರ. ನೀರು ತಡೆದು ನಿಲ್ಲುವ ಬಿರುಕಿನಲ್ಲಿ ಪೆಟ್ರೋಲ್ ಸರಾಗವಾಗಿ ನುಸುಳುತ್ತದೆ. ತೊಳೆದ ಟ್ಯಾಂಕಿಗೆ ಗಾಳಿ ಕೊಟ್ಟು, ಸೋಪಿನ ನೀರು ಸವರಿ ಗುಳ್ಳೆ ನೋಡುವುದೇ ಸರಿಯಾದ ದಾರಿ. ಆದರೆ ಗಾಳಿ ತೀರಾ ಕಡಿಮೆ ಇರಲಿ. ಟ್ಯಾಂಕಿನ ತಳ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ ಅಂದುಕೊಳ್ಳಿ. 1 ಪಿಎಸ್‌ಐ ಒತ್ತಡಕ್ಕೇ ಅದರ ಮೇಲೆ ಸುಮಾರು 170 ಕಿಲೋ ಭಾರ ಬೀಳುತ್ತದೆ. ಟಯರಿಗೆ ಹಾಕುವಂತೆ 30 ಪಿಎಸ್‌ಐ ಕೊಟ್ಟರೆ ಐದು ಟನ್! ಅಷ್ಟಾಗುವ ಮೊದಲೇ ಟ್ಯಾಂಕ್ ಉಬ್ಬಿ ಹರಿದುಹೋಗುತ್ತದೆ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಮಾತು. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಮಾಡಿದ ಟ್ಯಾಂಕ್ ಜಾಸ್ತಿ ಅಪಾಯ. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇ 1.4ರಿಂದ 7.6ರ ನಡುವೆ ಇದ್ದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ಸಾಕಷ್ಟು ಪೆಟ್ರೋಲಿದ್ದರೆ ನಮ್ಮ ಸೆಕೆಯಲ್ಲಿ ಒಳಗಿನ ಆವಿ ಈ ಮಿತಿಯನ್ನು ಮೀರಿ ದಟ್ಟವಾಗಿರುತ್ತದೆ, ಉರಿಯಲು ಗಾಳಿ ಸಾಲದು. ಖಾಲಿ ಮಾಡಿದಿರೋ, ಗಾಳಿ ಒಳಗೆ ಬರುತ್ತದೆ. 40 ಲೀಟರಿನ ಟ್ಯಾಂಕಿನಲ್ಲಿ ಶೇ 1.4 ಅಂದರೆ 560 ಮಿ.ಲೀ. ಆವಿ. ಅಷ್ಟು ಆವಿಗೆ 3 ಮಿ.ಲೀ.ನಷ್ಟು ಪೆಟ್ರೋಲ್ ಇದ್ದರೆ ಮುಗಿಯಿತು, ಒಂದು ಟೀ ಚಮಚವೂ ಬೇಡ. ಜೋಡಣೆಯ ಸಂದಿಯಲ್ಲಿ, ತುಕ್ಕಿನ ಪುಡಿಯಲ್ಲಿ ಅಷ್ಟು ಉಳಿದೇ ಉಳಿಯುತ್ತದೆ. ತಿಂಗಳು ಬಿಸಿಲಲ್ಲಿ ಒಣಗಿಸಿದ್ದೇವೆ ಎಂದು ವೆಲ್ಡಿಂಗ್ ಮಾಡಲು ಹೋಗಬೇಡಿ. ವಾಸನೆ ಇಲ್ಲ ಅನ್ನುವುದು ಪುರಾವೆಯಲ್ಲ. ಟಾರ್ಚಿನ ಬೆಂಕಿ ತಾಗಿದಾಗ ಆ ತುಕ್ಕಿನಿಂದ ಹೊಸ ಆವಿ ಏಳುತ್ತದೆ.

ಆದ್ದರಿಂದ ಈ ಕೆಲಸವನ್ನು ರೇಡಿಯೇಟರ್ ರಿಪೇರಿಯವರಿಗೆ ಕೊಡಿ ಎಂದೇ ನಾನು ಹೇಳುವುದು. ಕೈ ಪಳಗಿದವರು ಟ್ಯಾಂಕನ್ನು ಡಿಟರ್ಜೆಂಟ್ ಮತ್ತು ಕುದಿನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ತೂತಿನ ಜಾಗ ಮೇಲೆ ಬರುವಂತೆ ತಿರುಗಿಸಿ, ಒಳಗೆ ಗಾಳಿಗೆ ಜಾಗ ಉಳಿಯದಷ್ಟು ನೀರು ತುಂಬುತ್ತಾರೆ. ಆಮೇಲೆ ಜ್ವಾಲೆ ಹತ್ತಿರ ತರದೆ, ದೂರದಲ್ಲಿ ಕಾಯಿಸಿದ ತಾಮ್ರದ ಗಟ್ಟಿಯಿಂದ ಬೆಸುಗೆ ಹಾಕುತ್ತಾರೆ. ತವರ ಮತ್ತು ಸೀಸದ ಬೆಸುಗೆ 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವಾಗ ನವಸಾಗರ ಉದುರಿಸುವುದನ್ನು ನೋಡಿರುತ್ತೀರಿ. ಇಲ್ಲೂ ಅದೇ ವಿದ್ಯೆ. ಲೋಹದ ಮೇಲಿನ ತುಕ್ಕಿನ ಪೊರೆಯನ್ನು ರಾಸಾಯನಿಕ ತಿಂದುಹಾಕಿದರೆ ಮಾತ್ರ ತವರ ಉಕ್ಕನ್ನು ಕಚ್ಚಿ ಹಿಡಿಯುತ್ತದೆ. ಹಿಡಿದ ಕಡೆ ಎರಡೂ ಸೇರಿ ತೆಳುವಾದ ಹೊಸ ಮಿಶ್ರಣವೇ ಆಗುತ್ತದೆ. ಸೋರುತ್ತಿರುವ ಜಾಗಕ್ಕೆ ಎಂ-ಸೀಲ್ ಮೆತ್ತಿದರೆ ಈ ಹಿಡಿತ ಬರುವುದಿಲ್ಲ. ಪೆಟ್ರೋಲ್ ತಾಗಿದ ಲೋಹಕ್ಕೆ ಅದು ಕಚ್ಚುವುದೇ ಇಲ್ಲ.

ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತಯಾರಾಗುತ್ತಿರುತ್ತದೆ. ಹಾಗಾಗಿ ಒಳಗಿನ ತುಕ್ಕನ್ನೂ ತೆಗೆಯಬೇಕು. ನನಗೆ ಇಷ್ಟವಾದದ್ದು ವಿದ್ಯುದ್ವಿಭಜನೆ. ಚೆನ್ನಾಗಿ ತೊಳೆದ ಟ್ಯಾಂಕಿಗೆ ವಾಷಿಂಗ್ ಸೋಡಾ ಬೆರೆಸಿದ ನೀರು ತುಂಬಿ, ಟ್ಯಾಂಕಿಗೆ ಬ್ಯಾಟರಿ ಚಾರ್ಜರಿನ ಮೈನಸ್ ಕೊಡಬೇಕು. ಪ್ಲಸ್ಸನ್ನು ಒಳಗೆ ಇಳಿಬಿಟ್ಟ ಕಬ್ಬಿಣದ ಸರಳಿಗೆ ಕೊಡಬೇಕು. ಸರಳು ಎಲ್ಲೂ ಟ್ಯಾಂಕಿಗೆ ತಾಗಬಾರದು. ಕೆಂಪು ತುಕ್ಕು ಕಪ್ಪಾಗಿ ಸಡಿಲಗೊಳ್ಳುತ್ತದೆ, ಒಳ್ಳೆಯ ಉಕ್ಕಿಗೆ ಏನೂ ಆಗುವುದಿಲ್ಲ. ಆಸಿಡ್ ಹಾಗಲ್ಲ, ಜಾಸ್ತಿ ಹೊತ್ತು ಬಿಟ್ಟರೆ ಉಕ್ಕನ್ನೂ ತಿನ್ನುತ್ತದೆ. ವಿದ್ಯುದ್ವಿಭಜನೆಯಲ್ಲಿ ಹೈಡ್ರೋಜನ್ ಬರುವುದರಿಂದ ಇದನ್ನು ಬಯಲಲ್ಲೇ ಮಾಡಬೇಕು. ಸ್ಟೇನ್‌ಲೆಸ್ ಸ್ಟೀಲ್ ಸರಳು ಬಳಸಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ.

ಟ್ಯಾಂಕ್ ವಾಪಸ್ ಕೂರಿಸುವಾಗ ರಬ್ಬರ್ ಹೋಸ್‌ಗಳನ್ನೂ ಗ್ಯಾಸ್ಕೆಟ್ಟನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಹಳೇ ರಬ್ಬರ್ ಎಥನಾಲಿಗೆ ಉಬ್ಬಿ ಬಿರುಕು ಬಿಡುತ್ತದೆ. ಎಷ್ಟು ತೊಳೆದರೂ ತುಕ್ಕಿನ ಪುಡಿ ಸ್ವಲ್ಪ ಉಳಿದಿರುತ್ತದೆ. ಅದು ಕಾರ್ಬ್ಯುರೇಟರ್ ಸೇರದಂತೆ ಮೊದಲ ಫುಲ್ ಟ್ಯಾಂಕ್ ಖಾಲಿಯಾದ ಕೂಡಲೇ ಫ್ಯುಯೆಲ್ ಫಿಲ್ಟರ್ ಹೊಸದು ಹಾಕಿಸಿ.