ಅವರನ್ನೇ ಕೇಳಿದಿರಾ?

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಹೋಗಿ ರೋಗಿಯನ್ನು ಮಾತನಾಡಿಸಿ ಬರುವುದು ನಮ್ಮಂಥ ಅರಿವಳಿಕೆ ವೈದ್ಯರ ಕೆಲಸ. ಕಟ್ಟಿಸಿದ ಹಲ್ಲು ಇದೆಯೇ, ಉಬ್ಬಸವಿದೆಯೇ, ಬೀಡಿ ಸೇದುವುದುಂಟೇ ಎಂದೆಲ್ಲ ವಿಚಾರಿಸಿ, ಕೊನೆಗೆ "ನಾಳೆ ಏನು ಆಪರೇಷನ್ ಎಂದು ಗೊತ್ತಿದೆಯಲ್ಲ?" ಎನ್ನುತ್ತೇನೆ. ಹರ್ನಿಯಾದವರು, ಮೂಳೆ ಮುರಿದವರು ಥಟ್ಟನೆ ಹೇಳುತ್ತಾರೆ. ಮೆದುಳಿನ ಗಡ್ಡೆಯ ರೋಗಿ ಮಾತ್ರ ಹೆಂಡತಿಯ ಮುಖ ನೋಡುತ್ತಾರೆ. ಹೆಂಡತಿ ನೆಲ ನೋಡುತ್ತಾರೆ. ಬಾಗಿಲ ಬಳಿ ನಿಂತ ಅಣ್ಣನೋ ಮಾವನೋ ಕಣ್ಣಲ್ಲೇ 'ಬೇಡ' ಎಂದು ಸನ್ನೆ ಮಾಡಿ, ನನ್ನನ್ನು ಹೊರಗೆ ಕರೆದು, "ನರದಲ್ಲಿ ಸಣ್ಣ ಗಂಟು ಎಂದಷ್ಟೇ ಹೇಳಿದ್ದೇವೆ ಮೇಡಂ, ಗೊತ್ತಾದರೆ ಧೈರ್ಯ ಕಳೆದುಕೊಳ್ಳುತ್ತಾರೆ" ಎನ್ನುತ್ತಾರೆ. ಕೇಸ್ ಶೀಟ್ ತೆರೆದರೆ ರೋಗಿಯ ಸಹಿ ಇರಬೇಕಾದ ಜಾಗದಲ್ಲಿ ಹೆಂಡತಿಯ ಸಹಿ.

ದಾವಣಗೆರೆಯಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಜಗಳೂರಿನಿಂದ ಬಂದವರಾಗಲಿ, ಇಲ್ಲೇ ವಿದ್ಯಾನಗರದವರಾಗಲಿ, ಓದಿದವರಾಗಲಿ, ಓದದವರಾಗಲಿ, ಇದರಲ್ಲಿ ವ್ಯತ್ಯಾಸವಿಲ್ಲ. ಮನೆದೇವರ ಹತ್ತಿರ ಹೂ ಕೇಳಿಸಿರುತ್ತಾರೆ, ಅಮಾವಾಸ್ಯೆ ಕಳೆಯಲಿ ಎಂದು ದಿನ ನೋಡಿಸಿರುತ್ತಾರೆ, ಬೆಂಗಳೂರಿನ ಷಡ್ಡಕನ ಪರಿಚಯದ ಕಾಂಪೌಂಡರನ್ನೂ ಕೇಳಿರುತ್ತಾರೆ. ತಲೆ ಯಾರದೋ ಅವರೊಬ್ಬರನ್ನು ಕೇಳಿರುವುದಿಲ್ಲ.

ಒಪ್ಪಿಗೆ ಪತ್ರವೆಂದರೆ 'ಹೆಚ್ಚುಕಡಿಮೆಯಾದರೆ ಡಾಕ್ಟರ ಹೊಣೆಯಲ್ಲ' ಎಂದು ಬರೆದುಕೊಡುವ ಚೀಟಿಯೆಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ವೈದ್ಯರು ಅಜಾಗರೂಕತೆ ತೋರಿದರೆ ಯಾವ ಸಹಿಯೂ ಅವರನ್ನು ಉಳಿಸುವುದಿಲ್ಲ. ಏನು ಮಾಡುತ್ತಾರೆ, ಏನು ಹೋಗಬಹುದು, ಮಾಡಿಸದಿದ್ದರೆ ಏನಾಗಬಹುದು, ಬೇರೆ ದಾರಿ ಏನಿದೆ, ಇಷ್ಟನ್ನೂ ರೋಗಿ ತಿಳಿದು ಒಪ್ಪಿದ್ದಾರೆ ಎಂಬುದಕ್ಕೆ ಅದು ಗುರುತು. 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಗೆ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆಯಲಾಗಿತ್ತು. ತುರ್ತು ಇರಲಿಲ್ಲ, ಆಕೆಗೆ ಎಚ್ಚರವಾದ ಮೇಲೆ ಕೇಳಬಹುದಿತ್ತು, ತಾಯಿಯ ಒಪ್ಪಿಗೆ ಒಪ್ಪಿಗೆಯಾಗದು ಎಂದು ಕೋರ್ಟ್ ಹೇಳಿತು. ತಾಯಿಗೇ ಇಲ್ಲದ ಹಕ್ಕು ಹೆಂಡತಿಗೂ ಇಲ್ಲ, ಗಂಡನಿಗೂ ಇಲ್ಲ.

ಕಾನೂನಿನ ಮಾತು ಒತ್ತಟ್ಟಿಗಿರಲಿ. ನನಗೆ ಸಂಕಟವಾಗುವುದು ಸಹಿ ಹಾಕಿದ ಆ ಹೆಣ್ಣುಮಗಳಿಗಾಗಿ. ಆಪರೇಷನ್ ಆದ ಮೇಲೆ ಗಂಡನ ಕೈ ಏಳದಿದ್ದರೆ, "ಇವಳೇ ಸಹಿ ಹಾಕಿದ್ದು" ಎಂಬ ಮಾತು ಐಸಿಯು ಬಾಗಿಲಲ್ಲೇ ಹುಟ್ಟುತ್ತದೆ. ಅದನ್ನು ಆಕೆ ಜೀವಮಾನವಿಡೀ ಹೊರಬೇಕು.

ಸರ್ಜನ್ ಮುಂದೆ ಕುಳಿತವರೆಲ್ಲ ಕೇಳುವುದು ಒಂದೇ: "ನೂರಕ್ಕೆ ಎಷ್ಟು ಗ್ಯಾರಂಟಿ?" ಅಪಾಯವೆಂಬುದು ಪರೀಕ್ಷೆಯ ಅಂಕದ ಹಾಗೆ ಒಂದೇ ಸಂಖ್ಯೆಯಲ್ಲ. ಜೀವಕ್ಕೆ ಎಷ್ಟು, ಮಾತಿಗೆ ಎಷ್ಟು, ಬಲಗೈಗೆ ಎಷ್ಟು, ದೃಷ್ಟಿಗೆ ಎಷ್ಟು ಎಂದು ಬೇರೆ ಬೇರೆ ಕೇಳಬೇಕು. ಮಾಡಿಸದೆ ಬಿಟ್ಟರೆ ಇವೇ ನಾಲ್ಕಕ್ಕೆ ಎಷ್ಟು ಎಂದೂ ಕೇಳಬೇಕು. ಉತ್ತರ ಗಡ್ಡೆಯ ಜಾತಿ, ಜಾಗ, ವಯಸ್ಸುಗಳ ಮೇಲೆ ನಿಂತಿರುತ್ತದೆ. ಅಚಾನಕ್ಕಾಗಿ ಕಂಡ ಸಣ್ಣ ಮೆನಿಂಜಿಯೋಮಾವನ್ನು (ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಗಡ್ಡೆ) ಆಗಾಗ ಎಂಆರ್‌ಐ ಮಾಡಿಸುತ್ತ ಕಾಯುವುದೂ ಉಂಟು, ವಾರ ತಡೆಯಲಾಗದ ಗಡ್ಡೆಗಳೂ ಉಂಟು. ಆದ್ದರಿಂದ ನಿಮ್ಮ ಸರ್ಜನ್ ಹೇಳುವುದೇ ಲೆಕ್ಕ, ಈ ಅಂಕಣವಲ್ಲ. ಎರಡನೆಯ ಅಭಿಪ್ರಾಯಕ್ಕೆ ನಿಮ್ಹಾನ್ಸ್‌ಗೆ ಹೋಗುವವರು ರಿಪೋರ್ಟ್ ಒಂದನ್ನೇ ಒಯ್ಯದೆ ಎಂಆರ್‌ಐ ಸಿ.ಡಿ.ಯನ್ನೂ ಒಯ್ಯಿರಿ.

ಸಂಖ್ಯೆ ಕೈಗೆ ಬಂದರೂ ನಿರ್ಧಾರ ಮುಗಿಯುವುದಿಲ್ಲ. ಬಲಗೈ ಸೋತರೆ ಟೈಲರ್‌ಗೆ ಬದುಕೇ ನಿಂತಂತೆ. ಮೇಷ್ಟ್ರಿಗೆ ಮಾತು ಹೋಗುವುದಕ್ಕಿಂತ ಕೈ ಹೋಗುವುದು ವಾಸಿ ಎನಿಸಬಹುದು, ಎನಿಸದೆಯೂ ಇರಬಹುದು. ಯಾವುದನ್ನು ಕಳೆದುಕೊಂಡು ಬದುಕಬಲ್ಲೆ ಎಂಬ ಲೆಕ್ಕ ಯಾವ ಸ್ಕ್ಯಾನಿನಲ್ಲೂ ಇರುವುದಿಲ್ಲ, ರೋಗಿಯ ಮನಸ್ಸಿನಲ್ಲಿರುತ್ತದೆ. ಗಂಡನಾಗಲಿ ಹೆಂಡತಿಯಾಗಲಿ ಮಾಡಬೇಕಾದ ಕೆಲಸ ಅದನ್ನು ಕೇಳಿ ತಿಳಿದುಕೊಳ್ಳುವುದು, ಅವರ ಬದಲು ತೀರ್ಮಾನಿಸುವುದಲ್ಲ.

ಇದಕ್ಕೆ ಒಳ್ಳೆಯ ದಿನಗಳು ಸಿಗುತ್ತವೆ. ಗಡ್ಡೆಯ ಸುತ್ತಲಿನ ಊತಕ್ಕೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಎಷ್ಟೋ ರೋಗಿಗಳು ಒಂದೆರಡು ದಿನದಲ್ಲಿ ಎದ್ದು ಕೂರುತ್ತಾರೆ, ತಲೆನೋವು ಇಳಿಯುತ್ತದೆ, ತಡವರಿಸುತ್ತಿದ್ದ ಮಾತು ನೇರವಾಗುತ್ತದೆ. ಆಗ ಮನೆಯವರು "ಗುಳಿಗೆಯಲ್ಲೇ ವಾಸಿಯಾಯಿತು" ಎಂದು ಡಿಸ್ಚಾರ್ಜ್ ಕೇಳುತ್ತಾರೆ. ಇಳಿದಿರುವುದು ಊತ, ಗಡ್ಡೆ ಅಲ್ಲೇ ಇದೆ. ಆ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ಅಪಾಯ. ಮಾತು ಮರಳಿದ ಆ ದಿನಗಳಲ್ಲಿ ಬಂಧುಗಳನ್ನು ಹೊರಗೆ ಕಳಿಸಿ, ಇಬ್ಬರೇ ಕುಳಿತು ಮಾತನಾಡಿ. ಅಳು ಬಂದರೆ ಬರಲಿ.

ಇಲ್ಲಿನ ಎಪಿಎಂಸಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರೊಬ್ಬರಿಗೆ ಮೆದುಳಿನ ಎಡಭಾಗದಲ್ಲಿ, ಮಾತಿನ ಜಾಗಕ್ಕೆ ಅಂಟಿಕೊಂಡಂತೆ ಗಡ್ಡೆ ಇತ್ತು. ಎಚ್ಚರವಾಗಿಟ್ಟೇ ಮಾಡಬೇಕಾದ ಆಪರೇಷನ್. ನೆತ್ತಿಯ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿರುತ್ತೇವೆ, ಮೆದುಳಿಗೆ ಸ್ವಂತ ನೋವಿಲ್ಲ. ಅವರ ಪತ್ನಿಗೆ ನಾನು, "ಅವರು ದಿನಾ ಬಳಸುವ ಮಾತುಗಳನ್ನು ಬರೆದುಕೊಡಿ" ಎಂದಿದ್ದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಆಕೆ ಬರೆದು ತಂದರು: ಮೆಕ್ಕೆಜೋಳ, ತಕ್ಕಡಿ, ಹಮಾಲಿ, ಗೋಣಿಚೀಲ, ಮಂಡಕ್ಕಿ, ಮಗಳ ಹೆಸರು. ಕೊನೆಯಲ್ಲಿ ಒಂದು ಸಾಲು: 'ಕೈ ಸ್ವಲ್ಪ ಹೋದರೂ ಪರವಾಗಿಲ್ಲವಂತೆ, ಮಾತು ಬೇಕಂತೆ. ಅವರೇ ಹೇಳಿದ್ದು.' ಆ ಹಾಳೆಯನ್ನು ಸರ್ಜನ್‌ಗೂ ತೋರಿಸಿದೆ. ಒಪ್ಪಿಗೆ ಪತ್ರಕ್ಕೆ ಅವರೇ, ಲೆಕ್ಕದ ಪುಸ್ತಕದ ದುಂಡು ಅಕ್ಷರದಲ್ಲಿ, ಸಹಿ ಹಾಕಿದ್ದರು.

ಮರುದಿನ ಹಸಿರು ಬಟ್ಟೆಯ ಅಡಿಯಲ್ಲಿ ಅವರ ಮುಖಕ್ಕೆ ಮುಖ ಕೊಟ್ಟು ಕುಳಿತು ಚಿತ್ರಗಳನ್ನು ತೋರಿಸುತ್ತಿದ್ದೆ. ಆಚೆ ಸರ್ಜನ್ ಸಣ್ಣ ವಿದ್ಯುತ್ ಕಡ್ಡಿಯಿಂದ ಮೆದುಳನ್ನು ಮುಟ್ಟುತ್ತಿದ್ದರು; ಅದು ಮಾತಿನ ಜಾಗಕ್ಕೆ ತಾಗಿದರೆ ಆ ಕ್ಷಣ ಮಾತು ತಡೆಯುತ್ತದೆ. ತಕ್ಕಡಿಯ ಚಿತ್ರ ಬಂದಾಗ ರೋಗಿ ತಡವರಿಸಿದರು. "ಅದು... ತೂಗುತ್ತಾರಲ್ಲ... ಅದು..." ಸರ್ಜನ್ ಕಡ್ಡಿ ಎತ್ತಿದರು. "ತಕ್ಕಡಿ" ಎಂದರು ರೋಗಿ. ಸರ್ಜನ್ ಆ ಜಾಗಕ್ಕೆ ಗುರುತು ಇಟ್ಟು, ಅಲ್ಲಿನ ಗಡ್ಡೆಯ ಚೂರನ್ನು ಹಾಗೇ ಬಿಟ್ಟರು.

ರೋಗಿಗೆ ಪ್ರಜ್ಞೆ ಮಸುಕಾಗಿದ್ದಾಗ, ತಿಳಿಯುವ ಶಕ್ತಿಯೇ ಹೋಗಿದ್ದಾಗ, ತುರ್ತಿನಲ್ಲಿ, ಮನೆಯವರೇ ಮಾತನಾಡಬೇಕಾಗುತ್ತದೆ. ಆಗಲೂ 'ನನಗೇನು ಬೇಕು' ಎನ್ನದೆ 'ಅವರಿದ್ದಿದ್ದರೆ ಏನೆನ್ನುತ್ತಿದ್ದರು' ಎಂದು ಯೋಚಿಸಿ. ಮುಚ್ಚಿಡುವವರಿಗೆ ಇನ್ನೊಂದು ಮಾತು: ಕೆಲವು ಗಡ್ಡೆಗಳಿಗೆ ಆಪರೇಷನ್ ಆದ ಮೇಲೆ ಆರು ವಾರ ರೇಡಿಯೇಷನ್ ಇರುತ್ತದೆ. ಆ ವಿಭಾಗದ ಬಾಗಿಲ ಮೇಲೆ 'ಕ್ಯಾನ್ಸರ್' ಎಂಬ ದೊಡ್ಡ ಅಕ್ಷರದ ಬೋರ್ಡ್ ಇರುತ್ತದೆ. ನೀವು ಹೇಳದ್ದನ್ನು ಅವರು ಅಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತು, ಒಬ್ಬರೇ ಓದಿಕೊಳ್ಳುತ್ತಾರೆ. ರೋಗಿ ಹೆಂಗಸಾದರಂತೂ ಇನ್ನೂ ಕಷ್ಟ. ಗಂಡ, ಭಾವ, ಅಪ್ಪ ಕಾರಿಡಾರಿನಲ್ಲಿ ತೀರ್ಮಾನ ಮಾಡಿ ಬರುತ್ತಾರೆ, ಆಕೆ ಮಂಚದ ಮೇಲೆ ಕುಳಿತು ಜಡೆ ಬಿಚ್ಚುತ್ತಿರುತ್ತಾಳೆ, ಯಾಕೆ ತಲೆ ಬೋಳಿಸುತ್ತಾರೆಂದೂ ತಿಳಿಯದೆ.

ಮಂಡಿಯವರು ಮೂರು ತಿಂಗಳ ನಂತರ ಹೊರರೋಗಿ ವಿಭಾಗಕ್ಕೆ ಬಂದಿದ್ದರು. ಬಲಗೈ ಹಿಡಿತ ಕೊಂಚ ಸಡಿಲ. ಜೊತೆಗಿದ್ದ ಅವರ ಅಣ್ಣ ಗಟ್ಟಿಯಾಗಿಯೇ ಹೇಳಿದರು: "ಪೂರ್ತಿ ತೆಗೆಸಬೇಕಿತ್ತು, ಇವಳೇ ಅರ್ಧ ಬಿಡಿಸಿದಳು." ಪತ್ನಿ ತಲೆ ತಗ್ಗಿಸಿದರು. ಮಂಡಿಯವರು ನಿಧಾನವಾಗಿ, ಒಂದೊಂದೇ ಪದ ಹುಡುಕಿಕೊಂಡು, "ಅವಳಲ್ಲ ಅಣ್ಣಾ. ನಾನೇ ಬಿಡಿ ಎಂದದ್ದು" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮುಂದಿನ ಎಂಆರ್‌ಐ ಯಾವ ತಿಂಗಳು ಎಂದು ಕೇಳಿದರು.